ಪ್ಲಗ್ಗಿನ ಬುಡದ ಎಣ್ಣೆ

ಕಳೆದ ತಿಂಗಳು ನನ್ನ ಮಗ ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಸ್ಪಾರ್ಕ್ ಪ್ಲಗ್ ತಂದು ಊಟದ ಮೇಜಿನ ಮೇಲಿಟ್ಟ. ಅವನ ಕಾರು ಒಂದು ವಾರದಿಂದ ಕೆಮ್ಮುತ್ತಿತ್ತು. ಬೊರಿವಲಿಯ ನಮ್ಮ ಬಿಲ್ಡಿಂಗಿನ ಗೇಟು ದಾಟುವಷ್ಟರಲ್ಲಿ ಎರಡು ಸಲ ಜಗ್ಗಾಡಿ ನಿಲ್ಲುತ್ತಿತ್ತು. ಪ್ಲಗ್ಗುಗಳ ಬುಡದಲ್ಲಿ ಎಣ್ಣೆ ನಿಂತಿದೆ, ಇಂಜಿನ್ ಬಿಚ್ಚಬೇಕು ಎಂದು ಗ್ಯಾರೇಜಿನವರು ಹೇಳಿದ್ದರಂತೆ. ಪೇಪರು ಬಿಡಿಸಿದೆ. ಕಾದು ಆರಿದ ಎಣ್ಣೆಯ ವಾಸನೆ ಮೂಗಿಗೆ ಬಂತು...

ನನಗೆ ಎಂಬತ್ತು ದಾಟಿದೆ. ಮೂಗು ಈಗ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸೊಸೆ ಒಗ್ಗರಣೆ ಸೀಯಿಸಿದರೂ ಗೊತ್ತಾಗುವುದಿಲ್ಲ. ಅದರಿಂದ ನಮ್ಮಿಬ್ಬರಿಗೂ ಅನುಕೂಲವೇ ಆಗಿದೆ. ಆದರೆ ಈ ವಾಸನೆ ಸಿಕ್ಕಿತು. ಪ್ಲಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದು ಅದರ ಮೂತಿ ನೋಡಿದೆ. ಒಣಗಿತ್ತು, ಹಾಲು ಹಾಕಿದ ಚಹಾದ ಬಣ್ಣ. ಮೇಲಿನ ಭಾಗ ಮಾತ್ರ ಎಣ್ಣೆಯಲ್ಲಿ ತೊಯ್ದಿತ್ತು. "ಇದು ಒಳಗಿನ ಎಣ್ಣಿ ಅಲ್ಲ. ಇಂಜಿನ್ ಬಿಚ್ಚಾಕ ಕೊಡಬ್ಯಾಡ. ಮ್ಯಾಲಿನ ಕವರಿನ ಪ್ಯಾಕಿಂಗ್ ಹೋಗೇತಿ, ಅಷ್ಟ" ಅಂದೆ. ಮಗ ನನ್ನ ಮುಖ ನೋಡಿದ. ನಾನು ಒಂದು ಕಾಲಕ್ಕೆ ಟ್ಯಾಕ್ಸಿ ಓಡಿಸಿದವನು ಎಂಬುದು ಅವನಿಗೆ ಗೊತ್ತು. ಆದರೆ ಅವನು ಹುಟ್ಟಿದಂದಿನಿಂದ ಮನೆಯಲ್ಲಿ ನಾನು ಇಂಜಿನ್ನಿನ ಬಗ್ಗೆ ಒಂದು ಮಾತು ಆಡಿದವನಲ್ಲ.

ಅವನ ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಅವಳ ಪೌಡರ್ ಡಬ್ಬಿ ಇನ್ನೂ ಕನ್ನಡಿಯ ಕೆಳಗಿನ ಹಲಗೆಯ ಮೇಲೇ ಇದೆ. ಅದನ್ನು ತಂದು ಮಗನ ಕೈಗೆ ಕೊಟ್ಟೆ. ಇಂಜಿನ್ನಿನ ಮೇಲ್ಭಾಗ ಚೆನ್ನಾಗಿ ಒರೆಸಿ ಒಣಗಿಸಿ ಇದನ್ನು ಉದುರಿಸು, ಒಂದು ದಿನ ಓಡಿಸು, ಆಮೇಲೆ ಎಲ್ಲಿಂದ ಒದ್ದೆಯಾಗಿದೆ ನೋಡು ಎಂದೆ. ಅವನು ನಕ್ಕ. ಡಬ್ಬಿ ಮಾತ್ರ ತೆಗೆದುಕೊಂಡು ಹೋದ.

ಇದನ್ನು ನನಗೆ ಕಲಿಸಿದವರನ್ನು ನಾನು ಮಿಸ್ತ್ರಿ ಎನ್ನುತ್ತಿದ್ದೆ. ಜೋಗೇಶ್ವರಿಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಹೆಸರು ನನಗೆ ಗೊತ್ತಿದೆ, ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ನನ್ನಿಂದ ಒಮ್ಮೆ ಆದದ್ದು ಸಾಕು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ವಿಜಾಪುರದ ಕಡೆಯ ಹಳ್ಳಿಯಿಂದ ಬಂದು ಒಬ್ಬ ಶೇಠನ ಟ್ಯಾಕ್ಸಿ ಓಡಿಸುತ್ತಿದ್ದೆ. ಮದುವೆಯಾಗಿ ವರ್ಷವಾಗಿತ್ತು. ಜೋಗೇಶ್ವರಿಯ ಚಾಳಿನಲ್ಲಿ ನಮ್ಮದು ಒಂದೇ ಖೋಲಿ; ಬಾಗಿಲು ತೆರೆದರೆ ಓಣಿಯವರೆಲ್ಲ ನಮ್ಮ ಮನೆಯವರೇ. ಟ್ಯಾಕ್ಸಿ ಆಗ ನಡುನಡುವೆ ತಪ್ಪಿ ತಪ್ಪಿ ಓಡತೊಡಗಿತ್ತು. ಬಾನೆಟ್ ಎತ್ತಿದರೆ ನಾಲ್ಕೂ ಪ್ಲಗ್ಗಿನ ಬುಡದಲ್ಲಿ ಕರಿ ಎಣ್ಣೆ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನೋಡಿದವರೆಲ್ಲ ಒಳಗಿನ ಪಿಸ್ಟನ್ ರಿಂಗ್ ಹೋಗಿದೆ, ಇಂಜಿನ್ ಬಿಚ್ಚಿ ಬೋರ್ ಮಾಡಿಸಬೇಕು, ಹದಿನೈದು ದಿನ ಗಾಡಿ ನಿಲ್ಲುತ್ತದೆ ಎಂದರು. ಗಾಡಿ ನಿಂತರೆ ಶೇಠ ನನ್ನನ್ನೂ ನಿಲ್ಲಿಸುತ್ತಿದ್ದ. ಆಗ ಯಾರೋ, ನಿಮ್ಮ ಕಡೆಯ ಒಬ್ಬ ಮಿಸ್ತ್ರಿ ಇದ್ದಾನೆ, ಸಣ್ಣ ಕಾರ್ಖಾನೆಗಳ ಹಿಂದಿನ ಗೋಡೆಗೆ ಹತ್ತಿ ಬಾದಾಮಿ ಮರದ ಕೆಳಗೆ ಕೂತಿರುತ್ತಾನೆ, ಹೋಗಿ ತೋರಿಸು ಎಂದರು.

ಹೋದೆ. ಐವತ್ತರ ಆಸುಪಾಸಿನ ಮನುಷ್ಯ, ತಲೆಗೆ ಬಿಳಿ ಟೋಪಿ, ಅದೂ ಸ್ವಚ್ಛ. ಮಿಸ್ತ್ರಿಗಳ ಕೈ ಅಷ್ಟು ಶುಭ್ರವಾಗಿರುವುದನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ. ಒಂದು ನಟ್ಟು ಬಿಚ್ಚುವುದು, ಕೈ ಒರೆಸಿಕೊಳ್ಳುವುದು. ಇನ್ನೊಂದು ಬಿಚ್ಚುವುದು, ಮತ್ತೆ ಒರೆಸಿಕೊಳ್ಳುವುದು. ನೋಡುವವರಿಗೆ ಸಿಟ್ಟು ಬರಬೇಕು, ಹಾಗೆ. ನಾಲ್ಕು ಪ್ಲಗ್ ಬಿಚ್ಚಿ, ಇಂಜಿನ್ನಿನಲ್ಲಿ ಇದ್ದ ಸಾಲಿನಂತೆಯೇ ಪೇಪರಿನ ಮೇಲೆ ಜೋಡಿಸಿದರು. ದಾರ ಕಟ್ಟಿದ ಕನ್ನಡಕ ಏರಿಸಿ ಒಂದೊಂದರ ಮೂತಿಯನ್ನೂ ನೋಡಿದರು. ಆಮೇಲೆ ವಿಜಾಪುರದ ಕನ್ನಡ ಬಂತು.

"ಮೂತಿ ಒಣಗೇತಿ, ತಮ್ಮಾ. ಮೂತಿ ಒದ್ದಿ ಇದ್ರ ರಿಂಗ್ ಹೋದಂಗ. ಇದು ಮ್ಯಾಲಿಂದ ಇಳಿಯಾಕತ್ತೈತಿ."

ಮೇಲಿನಿಂದ ಎಂದರೆ ಎಲ್ಲಿಂದ ಎಂದು ಕೇಳಿದೆ. ಅದನ್ನು ಇವತ್ತು ಹೇಳಲಾಗದು ಎಂದರು. ಅವರ ರೀತಿಯೇ ಹಾಗೆ. ಮೊದಲು ಸೀಮೆಎಣ್ಣೆಯಲ್ಲಿ ಇಂಜಿನ್ನಿನ ತಲೆ ತೊಳೆಯಬೇಕು, ಚಿಂದಿಯಿಂದ ಒರೆಸಿ ಒಣಗಿಸಬೇಕು, ಮೇಲೆ ಪೌಡರ್ ಉದುರಿಸಬೇಕು, ಒಂದು ದಿನ ಓಡಿಸಿ ಮರಳಿ ತರಬೇಕು. ಎಣ್ಣೆ ಎಲ್ಲಿ ನಿಂತಿದೆ ಎಂದು ನೋಡುವುದಲ್ಲ, ಬಿಳಿಯ ಮೇಲೆ ಮೊದಲ ಗೆರೆ ಎಲ್ಲಿಂದ ಹೊರಟಿದೆ ಎಂದು ನೋಡಬೇಕು. ಅಷ್ಟು ಆಗುವತನಕ ಬೇರೇನನ್ನೂ ಬಿಚ್ಚುತ್ತಿರಲಿಲ್ಲ. ಅವಸರದವರು ಬೈದು ಬೇರೆ ಗ್ಯಾರೇಜಿಗೆ ಹೋಗುತ್ತಿದ್ದರು. ಮಿಸ್ತ್ರಿ ಕರೆಯುತ್ತಲೂ ಇರಲಿಲ್ಲ, ತಡೆಯುತ್ತಲೂ ಇರಲಿಲ್ಲ. ಆ ದಿನ ಅವರ ಪೌಡರ್ ಮುಗಿದಿತ್ತು. ಮನೆಯಿಂದ ತಾ ಎಂದರು.

ಹೆಂಡತಿಯ ಹೊಸ ಡಬ್ಬಿ ಎತ್ತಿಕೊಂಡೆ. ಯಾಕೆ ಎಂದಳು. ಗಾಡಿಗೆ ಎಂದೆ.

"ನಿಮ್ಮ ಗಾಡಿ ಯಾರ ಲಗ್ನಕ್ಕ ಹೊಂಟೈತ್ರಿ?"

ಮರುದಿನ ಬಾನೆಟ್ ಎತ್ತಿದಾಗ ಬಿಳಿಯ ಮೇಲೆ ಒಂದು ಕರಿ ಗೆರೆ ಕಂಡಿತು. ಟ್ಯಾಪೆಟ್ ಕವರ್ ಎಂದು ಇಂಜಿನ್ನಿನ ತಲೆಯ ಮೇಲೆ ಒಂದು ತಗಡಿನ ಮುಚ್ಚಳ ಇರುತ್ತದೆ. ಅದರ ಅಂಚಿನಲ್ಲಿ ಬೂಚಿನ ಪ್ಯಾಕಿಂಗ್. ಬಾಟಲಿಗೆ ಬಿಗಿಯುವ ಬೂಚು ಇದೆಯಲ್ಲ, ಅದೇ, ಪಟ್ಟಿಯ ಹಾಗೆ ಕತ್ತರಿಸಿದ್ದು. ಅದು ಒಂದು ಮೂಲೆಯಲ್ಲಿ ಒಣಗಿ ಕುಗ್ಗಿತ್ತು. ಅಲ್ಲಿಂದ ಹೊರಟ ಎಣ್ಣೆ ಇಳಿಜಾರಿನಲ್ಲಿ ಪ್ಲಗ್ಗಿನ ಕುಣಿಗಳಿಗೆ ಬಂದು ಸೇರುತ್ತಿತ್ತು. ಒಂದು ಗಂಟೆಯ ಕೆಲಸ. ಹದಿನೈದು ದಿನ ಗಾಡಿ ನಿಲ್ಲುವುದು ತಪ್ಪಿತು. ಪೌಡರ್ ಮೆತ್ತಿದ ಬಿಸಿ ಇಂಜಿನ್ನಿನಿಂದ ವಿಚಿತ್ರ ವಾಸನೆ ಬರುತ್ತಿತ್ತು. ಸ್ನಾನ ಮಾಡಿಸಿದ ಕೂಸು ಮತ್ತು ಗ್ಯಾರೇಜು ಎರಡೂ ಒಟ್ಟಿಗೆ ಇದ್ದ ಹಾಗೆ.

ಖಾಲಿಯಾದ ಡಬ್ಬಿಯ ಬದಲು ಮಿಸ್ತ್ರಿ ಹೊಸ ಡಬ್ಬಿಯನ್ನು ತಾವೇ ಮನೆಗೆ ತಂದು ಕೊಟ್ಟರು. ಹೆಂಡತಿ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದಳು. ಅವರ ಹೆಂಡತಿ, ಮಗಳು ಊರಲ್ಲಿದ್ದರು. ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದರು. ಇಲ್ಲಿ ಒಬ್ಬರೇ. ನಳದ ಹತ್ತಿರ ಕೂತು ಬೂದಿ ಹಚ್ಚಿ, ಸಾಬೂನು ಹಚ್ಚಿ, ಉಗುರುಸಂದಿ ಕಡ್ಡಿಯಿಂದ ಕೆದರಿ ಕೈ ತೊಳೆದ ಮೇಲೆಯೇ ರೊಟ್ಟಿ ಮುಟ್ಟಿದರು. ಅವಳು ಅವರನ್ನು ಕಾಕಾ ಎಂದಳು. ಅವರು ಅವಳನ್ನು ಯವ್ವಾ ಎಂದರು. ಆಮೇಲೆ ಸೋಮವಾರ ಅವರ ಊಟ ನಮ್ಮಲ್ಲೇ ಎಂದು ಆಯಿತು. ಯಾರೂ ನಿಶ್ಚಯ ಮಾಡಿದ್ದಲ್ಲ, ಹಾಗೇ ಆಯಿತು.

ಅವಳು ಬಸುರಿಯಾದಳು. ಎಂಟು ತುಂಬಿದಾಗ ಮಿಸ್ತ್ರಿ ಒಂದು ಸೋಮವಾರ ಗಾಡಿಯ ಹಳೆಯ ಸ್ಪ್ರಿಂಗ್ ಒಂದನ್ನು ತಂದರು. ತಿಕ್ಕಿ ತಿಕ್ಕಿ ಅದು ಬೆಳ್ಳಿಯ ಬಣ್ಣಕ್ಕೆ ಬಂದಿತ್ತು. ಮಾಡಿನ ತೊಲೆಗೆ ಕೊಂಡಿ ಹಾಕಿ ಸ್ಪ್ರಿಂಗ್ ಸಿಕ್ಕಿಸಿದರೆ ತೊಟ್ಟಿಲು ತಾನೇ ತೂಗುತ್ತದೆ, ರೊಟ್ಟಿ ಬಡಿಯುತ್ತಾ ಒಂದು ಸಲ ಕಾಲಿನಿಂದ ಒತ್ತಿದರೆ ಸಾಕು ಎಂದರು. ಕೂಸು ಹುಟ್ಟುವ ಮೊದಲು ತೊಟ್ಟಿಲು ಕಟ್ಟಬಾರದು ಎಂದು ಅವಳು ಅಂಜಿದಳು. ತೊಟ್ಟಿಲು ಕಟ್ಟುವುದಿಲ್ಲ, ಕೊಂಡಿ ಮಾತ್ರ ಎಂದು ಸಮಾಧಾನ ಹೇಳಿ ಸ್ಟೂಲಿನ ಮೇಲೆ ಹತ್ತಿದರು...

ಒಂಬತ್ತರಲ್ಲಿ ಬಿದ್ದಾಗ ಸೂಲಗಿತ್ತಿ ಹೊಟ್ಟೆ ಮುಟ್ಟಿ, ಕೂಸು ಅಡ್ಡ ಇದೆ, ಇಲ್ಲಿ ಆಗುವುದಿಲ್ಲ, ದೊಡ್ಡ ಆಸ್ಪತ್ರೆಗೇ ಹೋಗಬೇಕು ಎಂದಳು. ದೊಡ್ಡ ಆಸ್ಪತ್ರೆ ಮಾಹಿಮಿನ ಖಾಡಿ, ಅಂದರೆ ಊರೊಳಗೆ ನುಗ್ಗಿದ ಕಡಲ ಹಿನ್ನೀರು, ಅದರ ಮೇಲಿನ ರಸ್ತೆ ದಾಟಿ ಆಚೆ. ನಾನು ಟ್ಯಾಕ್ಸಿಯವನು, ನನಗೇನು ಚಿಂತೆ. ಅವಳಿಗೆ ಹಾಗೇ ಹೇಳಿದೆ. ಅದೇ ವಾರ ಪ್ಲಗ್ಗಿನ ಬುಡದಲ್ಲಿ ಮತ್ತೆ ಎಣ್ಣೆ ಕಂಡಿತು.

ಮಿಸ್ತ್ರಿ ಹಳೆಯ ಬೂಚು ತೆಗೆದು ಹೊಸದು ಹಾಕಿದರು. ಹೊಸ ಪಟ್ಟಿಯನ್ನು ಮೊದಲು ನೀರಿನಲ್ಲಿ ನೆನೆಹಾಕಿ, ಉಬ್ಬಿದ ಮೇಲೆ ಅಂಗೈಯಲ್ಲಿ ಒತ್ತಿ ಒಣಗಿಸಿ, ಅಂಚಿಗೆ ಕೂರಿಸಿದರು. ಮೇಲೆ ತಗಡಿನ ಮುಚ್ಚಳ. ಅದರ ಎರಡು ನಟ್ಟುಗಳನ್ನು ಬೆರಳಿನಿಂದ ತಿರುವಿ, ಕೊನೆಗೆ ಪಾನಾ, ಅಂದರೆ ಸ್ಪ್ಯಾನರ್, ಹಿಡಿದು ಅರ್ಧ ಸುತ್ತು ಮಾತ್ರ. ಇಷ್ಟೇ ಸಾಕೇ ಎಂದೆ.

"ಒಂದೆರಡ ದಿನ ಬೆವರತೈತಿ. ಬೆವರಲಿ. ಕಾದ ಮ್ಯಾಲ ಬೂಚ ತಾನ ಕುಂದರತೈತಿ. ನೀ ಪಾನಾ ಹಚ್ಚಬ್ಯಾಡ, ತಮ್ಮಾ. ಏನರ ಆದ್ರ ನನ್ನ ಹಂತ್ಯಾಕ ತಾ."

ಮರುದಿನ ಮಧ್ಯಾಹ್ನ ಬಾನೆಟ್ ಎತ್ತಿ ನೋಡಿದೆ. ನೋಡಬೇಕಾದ ಅಗತ್ಯವೇ ಇರಲಿಲ್ಲ. ಆದರೆ ಆ ದಿನಗಳಲ್ಲಿ ನಾನು ಗಂಟೆಗೊಮ್ಮೆ ನೋಡುತ್ತಿದ್ದೆ. ಮುಚ್ಚಳದ ಅಂಚಿನಲ್ಲಿ ಸಾಸಿವೆಯಷ್ಟು ಒಂದು ಹನಿ. ಅವರು ಹೇಳಿದ ಬೆವರು ಅದೇ ಎಂದು ನನಗೆ ಗೊತ್ತಿತ್ತು, ಕಿವಿಯಾರೆ ಕೇಳಿದ್ದೆ. ಆದರೂ ಖಾಡಿಯ ಮೇಲೆ ಗಾಡಿ ನಿಂತರೆ ಎಂಬ ಒಂದೇ ಯೋಚನೆ. ಡಿಕ್ಕಿಯಿಂದ ಪಾನಾ ತೆಗೆದೆ. ಎರಡೂ ನಟ್ಟನ್ನು ಇನ್ನು ತಿರುಗದು ಎನ್ನುವವರೆಗೆ ಬಿಗಿದೆ. ಹನಿ ನಿಂತಿತು. ಒಳ್ಳೆಯ ಕೆಲಸ ಮಾಡಿದೆ ಅನಿಸಿತು. ಕೈ ಒರೆಸಿಕೊಂಡು ಚಹಾ ಕುಡಿದೆ.

ಆಮೇಲೆ ಏನಾಯಿತು ಎಂಬುದು ಈಗ ನನಗೆ ಅಂಗೈಗೆರೆಯಷ್ಟು ಸ್ಪಷ್ಟ. ಬಿಗಿದಲ್ಲಿ ತಗಡು ತಗ್ಗಿತು. ತಗ್ಗಿದ ತಗಡಿನ ಕೆಳಗೆ ಮೆತ್ತಗಿನ ಬೂಚು ಹಿಸುಕಿ ಹೊರಗೆ ಬಂದು ಸೀಳಿತು. ನಟ್ಟು ಇಲ್ಲದ ಕಡೆ ಅಂಚು ಮೇಲೆದ್ದಿತು. ತಣ್ಣಗಿರುವವರೆಗೆ ಏನೂ ಕಾಣುವುದಿಲ್ಲ. ಚೆನ್ನಾಗಿ ಕಾದು ಎಣ್ಣೆ ನೀರಾದಾಗ ಒಮ್ಮೆಲೇ ಬಿಡುತ್ತದೆ.

ಅವಳ ಹತ್ತಿರವೇ ಇರಲೆಂದು ಆಮೇಲೆ ದೂರದ ಬಾಡಿಗೆ ಹಿಡಿಯಲಿಲ್ಲ, ಗಾಡಿ ಹೆಚ್ಚು ಕಾಯಲಿಲ್ಲ. ಎರಡು ದಿನ ಬಿಟ್ಟು, ಮಧ್ಯಾಹ್ನದ ರಣಬಿಸಿಲಿನಲ್ಲಿ ನೋವು ಶುರುವಾಯಿತು. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆ. ಪಕ್ಕದ ಖೋಲಿಯ ಮರಾಠಿ ಅಜ್ಜಿ ಜೊತೆಗೆ ಬಂದಳು. ಬಾಂದ್ರಾ ದಾಟುವವರೆಗೆ ಗಾಡಿ ಸರಿಯಾಗಿಯೇ ಓಡಿತು. ಖಾಡಿಯ ಹತ್ತಿರ ಬಾನೆಟ್ಟಿನ ಸಂದಿಯಿಂದ ಹೊಗೆ ಕಾಣಿಸಿತು, ಸುಟ್ಟ ಎಣ್ಣೆಯ ವಾಸನೆ. ಒಂದು ಪ್ಲಗ್ ಬಿಟ್ಟಿತು. ಆಮೇಲೆ ಇನ್ನೊಂದು. ಗಾಡಿ ಉಳಿದೆರಡು ಪ್ಲಗ್ಗಿನ ಮೇಲೆ ಸ್ವಲ್ಪ ದೂರ ನರಳಿ, ಖಾಡಿಯ ರಸ್ತೆಯ ನಡುವೆ ನಿಂತುಬಿಟ್ಟಿತು.

ಬಾನೆಟ್ ಎತ್ತಿದೆ. ನಾಲ್ಕೂ ಕುಣಿ ತುಂಬಿ ಎಣ್ಣೆ ಹರಿಯುತ್ತಿತ್ತು. ಅಂಗಿ ಬಿಚ್ಚಿ ಒರೆಸಿದೆ. ಒರೆಸಿದಷ್ಟೂ ಬರುತ್ತಿತ್ತು. ಎರಡೂ ಬದಿ ಕೆಸರುನೀರು, ಬಿಸಿಲು. ಕೈ ತೋರಿಸಿದರೆ ಟ್ಯಾಕ್ಸಿಗಳು ನಿಲ್ಲಲಿಲ್ಲ, ಎಲ್ಲದರಲ್ಲೂ ಜನ. ನನ್ನ ಮೈಮೇಲೆ ಅಂಗಿ ಇರಲಿಲ್ಲ, ಕೈ ಮೊಣಕೈವರೆಗೆ ಕಪ್ಪು, ನಾನಾದರೂ ನಿಲ್ಲಿಸುತ್ತಿರಲಿಲ್ಲ. ಒಳಗಿನಿಂದ ಅವಳು ಮೊದಲು ನನ್ನನ್ನು ಕರೆಯುತ್ತಿದ್ದಳು, ಆಮೇಲೆ ಅವ್ವನನ್ನು ಕರೆಯುತ್ತಿದ್ದಳು, ಆಮೇಲೆ ಯಾರನ್ನೂ ಕರೆಯಲಿಲ್ಲ... ಕೊನೆಗೆ ಮಂಜುಗಡ್ಡೆ ಸಾಗಿಸುವ ಒಂದು ಟೆಂಪೋ ನಿಂತಿತು. ಹಿಂದೆ ಗೋಣಿಚೀಲ ಹಾಸಿ ಮಲಗಿಸಿದೆವು. ಚೀಲ ತಣ್ಣಗಿತ್ತು, ಒದ್ದೆಯಾಗಿತ್ತು.

ಹೆಣ್ಣು ಕೂಸು. ಉಸಿರಿರಲಿಲ್ಲ. ಅರ್ಧ ಗಂಟೆ ಮೊದಲು ಬಂದಿದ್ದರೆ ಎಂದು ಡಾಕ್ಟರು ಹಿಂದಿಯಲ್ಲಿ ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು.

ನನಗೆ ಅಳು ಬರಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಎತ್ತಿಕೊಂಡಾಗ, ನನ್ನ ಕೈಯ ಎಣ್ಣೆ ಬಟ್ಟೆಗೆ ಹತ್ತುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಹತ್ತಿತು ಕೂಡ. ಒಂದು ಹೆಬ್ಬೆರಳಿನ ಗುರುತು. ಹಾಗೇ ಮಣ್ಣು ಮಾಡಿದೆ. ಅವತ್ತಿನಿಂದ ನನ್ನೊಳಗೆ ಏನೋ ಮರಗಟ್ಟಿತು. ದುಃಖ ಎನ್ನಲಾರೆ, ದುಃಖವಾದರೆ ಒಮ್ಮೆ ಬಂದು ಒಮ್ಮೆ ಹೋಗುತ್ತದೆ. ಇದು ಹೋಗಲಿಲ್ಲ.

ಶೇಠನ ಜನ ಗಾಡಿಯನ್ನು ಎಳೆದು ತಂದು ಬಾದಾಮಿ ಮರದ ಕೆಳಗೆ ನಿಲ್ಲಿಸಿದ್ದರು. ಮೂರನೆಯ ದಿನ ಹೋದೆ. ಮಿಸ್ತ್ರಿ ಮುಚ್ಚಳ ಬಿಚ್ಚಿ ಕೈಯಲ್ಲಿ ಹಿಡಿದು ಕೂತಿದ್ದರು. ನಟ್ಟು ಕೂರುವಲ್ಲಿ ತಗಡು ತಗ್ಗಾಗಿತ್ತು, ಪಾನಾ ಜಾರಿದ ಗೀರು ಹೊಸದಾಗಿ ಹೊಳೆಯುತ್ತಿತ್ತು. ಆ ತಗ್ಗಿನ ಮೇಲೆ ಅವರು ಹೆಬ್ಬೆರಳು ಆಡಿಸುತ್ತಿದ್ದರು. ನನ್ನನ್ನು ನೋಡಿ ಒಂದೇ ಮಾತು ಕೇಳಿದರು.

"ಪಾನಾ ಹಚ್ಚಿದ್ಯಾ, ತಮ್ಮಾ?"

"ಇಲ್ಲ" ಅಂದೆ.

ಯಾಕೆ ಹಾಗೆಂದೆ ಎಂದು ಐವತ್ತು ವರ್ಷ ಯೋಚಿಸಿದ್ದೇನೆ, ಹೆಚ್ಚಿಗೆ ಏನೂ ಹೊಳೆದಿಲ್ಲ. ಅಂಜಿದ್ದೆ, ಅಷ್ಟೇ. ಅವರು ತಲೆಯಾಡಿಸಿದರು. ಮುಚ್ಚಳವನ್ನು ಮಗುಚಿ ಪೇಪರಿನ ಮೇಲಿಟ್ಟು, ಕೈ ಒರೆಸಿಕೊಂಡರು.

ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ಕೂತರು. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಹೆಂಡತಿ ಆಸ್ಪತ್ರೆಯಿಂದ ಬಂದು, ಮಾಡಿನ ಕೊಂಡಿ ನೋಡುತ್ತಾ ಮಲಗಿದ್ದಳು. ನಾನು ಅವಳಿಗೆ ನೀರು ಕೊಡಲು ಚರಿಗೆ ಹಿಡಿದು ನಿಂತಿದ್ದೆ.

"ಯವ್ವಾ, ತಪ್ಪ ನಂದ" ಅಂದರು. "ಪ್ಯಾಕಿಂಗ್ ನಾ ಸರಿ ಕುಂದರಿಸಿರಲಿಲ್ಲ. ಗಡಬಡಿ ಮಾಡಿದೆ. ನಿನ್ನ ಗಂಡಂದು ಏನೂ ಇಲ್ಲ ಇದರಾಗ."

ಅವಳು ಗೋಡೆಯ ಕಡೆ ಮಗ್ಗುಲಾದಳು. ಓಣಿಯಲ್ಲಿ ನಳದ ನೀರು ಬಂದು ಕೊಡಗಳ ಸದ್ದು ಶುರುವಾಗಿತ್ತು. "ಹೋಗ್ರಿ ಕಾಕಾ" ಅಂದಳು, ಕೊನೆಗೆ. ಅವರು ಎದ್ದರು. ನನ್ನ ಕಡೆ ನೋಡಲಿಲ್ಲ. ನಾನು ಚರಿಗೆಯನ್ನು ಕೆಳಗಿಡುವುದು ಸಹ ಮರೆತು ಹಾಗೇ ನಿಂತಿದ್ದೆ. ಈಗಲಾದರೂ ಬಾಯಿ ತೆರೆ, ಈಗಲಾದರೂ ತೆರೆ ಎಂದುಕೊಳ್ಳುತ್ತಿದ್ದೆ. ತೆರೆಯಲಿಲ್ಲ.

ಮರುದಿನ ಮರದ ಕೆಳಗೆ ಹೋಗಿ ಅವರ ಎದುರು ಕೂತೆ. ನಾನೇ ಬಿಗಿದದ್ದು ಎಂದು ಅವರಿಗಾದರೂ ಹೇಳೋಣ ಅಂದುಕೊಂಡು ಹೋಗಿದ್ದೆ. ಅವರು ಹೇಳಲು ಬಿಡಲಿಲ್ಲ. ಒಂದು ಪ್ಲಗ್ಗನ್ನು ತಂತಿಯ ಬ್ರಶ್ಶಿನಿಂದ ತಿಕ್ಕುತ್ತಾ, ಪ್ಲಗ್ಗಿನ ಮೇಲೇ ಕಣ್ಣಿಟ್ಟು ಮಾತಾಡಿದರು.

"ನನ್ನ ಮ್ಯಾಲ ಸಿಟ್ಟ ಮಾಡ್ಕೊಂಡ್ರ ಆಕಿಗೇನೂ ಆಗೂದಿಲ್ಲ. ನಿನ್ನ ಮ್ಯಾಲ ಮಾಡ್ಕೊಂಡ್ರ ಈ ಮುಂಬೈದಾಗ ಆಕಿ ಎಲ್ಲಿಗೆ ಹೋಗಬೇಕೋ? ಅದಽ ಖೋಲಿ, ಅದಽ ನೀನು. ಮೈ ಗಟ್ಟಿ ಆಗಲಿ ಆಕಿದು. ಹೇಳೂ ದಿನ ಬಂದಾಗ ನೀನಽ ಹೇಳು."

ಅಂಥ ದಿನ ಬಹಳ ಬಂದವು.

ಸುದ್ದಿ ಟ್ಯಾಕ್ಸಿ ಸ್ಟ್ಯಾಂಡಿಗೆ ಮುಟ್ಟಿತು. ಶೇಠ ತನ್ನ ಗಾಡಿಗಳನ್ನೆಲ್ಲ ಬೇರೆ ಗ್ಯಾರೇಜಿಗೆ ಹಾಕಿದ. ನಮ್ಮ ಕಡೆಯ ಡ್ರೈವರುಗಳೇ, ಅವನ ಕೈಯಿಂದ ಒಂದು ಕೂಸು ಹೋಗಿದೆ, ಅವನ ಹತ್ತಿರ ಹೋಗಬೇಡಿ ಎಂದು ಮಾತಾಡಿಕೊಂಡರು. ಚಹಾದ ಅಂಗಡಿಯಲ್ಲಿ ಒಬ್ಬ ನನ್ನ ಭುಜ ತಟ್ಟಿ, ಅವನನ್ನು ಪೊಲೀಸಿಗೆ ಕೊಡಬೇಕಿತ್ತು ನೀನು ಎಂದ. ನಾನು ಚಹಾದ ಕಪ್-ಬಸಿ ನೋಡುತ್ತಾ ಹೂಂ ಎಂದೆ. ಆ ಹೂಂ ಈಗಲೂ ನನ್ನ ಕಿವಿಯಲ್ಲಿದೆ. ಬಾದಾಮಿ ಮರದ ಕೆಳಗೆ ಮೊದಲು ಸಾಲುಗಟ್ಟಿ ನಿಲ್ಲುತ್ತಿದ್ದ ಗಾಡಿಗಳು ಒಂದೊಂದೇ ಕಡಿಮೆಯಾದವು. ಕೊನೆಕೊನೆಗೆ ಅವರು ಸೈಕಲ್ ಪಂಕ್ಚರ್ ಹಾಕುತ್ತಿದ್ದರು. ಅದಕ್ಕೂ ಕೈ ಒರೆಸಿಕೊಳ್ಳುತ್ತಿದ್ದರು...

ಹೆಂಡತಿಗೆ ಆ ಖೋಲಿಯಲ್ಲಿ, ಆ ಕೊಂಡಿಯ ಕೆಳಗೆ ಇರಲಾಗಲಿಲ್ಲ. ನಾನು ಟ್ಯಾಕ್ಸಿ ಬಿಟ್ಟು ಒಂದು ಗೋದಾಮಿನಲ್ಲಿ ಕೆಲಸ ಹಿಡಿದೆ. ವಡಾಲಕ್ಕೆ ಮನೆ ಬದಲಿಸಿದೆವು. ಎರಡು ವರ್ಷದ ಮೇಲೆ ಮಗ ಹುಟ್ಟಿದ. ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಾಗ, ಕೂಸಿಗೆ ಎಣ್ಣೆ ಹಚ್ಚುತ್ತಾ ಅವಳು ಹೇಳಿದಳು.

"ಕಾಕಾನ್ನ ಕರೀರಿ. ನನ್ನ ಮನಸಿನ್ಯಾಗ ಏನೂ ಉಳಿದಿಲ್ಲ. ತಪ್ಪ ಮಾಡಿದಾಂವ ಮನೀತನಕ ಬಂದು, ತಲಿ ಬಗ್ಗಿಸಿ ಹೇಳಿ ಹ್ವಾದ. ಮುಚ್ಚಿಟ್ಟಿದ್ರ ನಾ ಸಾಯೂತನಕ ಕ್ಷಮಾ ಮಾಡ್ತಿದ್ದಿಲ್ಲ ನೋಡ್ರಿ."

ಅವಳು ನನ್ನನ್ನು ನೋಡಿ ಹೇಳಿದ್ದಲ್ಲ. ಕೂಸಿನ ಕಾಲು ನೀವುತ್ತಾ ಹೇಳಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ, ಅದು ನನಗೆ ಖಂಡಿತವಾಗಿ ಗೊತ್ತು. ಆದರೆ ಬಾಯಿ ತೆರೆಯುವ ಅಷ್ಟಿಷ್ಟು ಧೈರ್ಯ ಎಲ್ಲಾದರೂ ಇದ್ದಿದ್ದರೆ ಅದು ಅಲ್ಲಿಗೆ ಮುಗಿಯಿತು.

ಎರಡು ದಿನ ಬಿಟ್ಟು, ಜೋಗೇಶ್ವರಿಗೆ ಹೋಗಿ ಬಂದೆ, ಮಿಸ್ತ್ರಿ ಅಲ್ಲಿಲ್ಲ, ಊರಿಗೆ ಹೋದರಂತೆ ಎಂದೆ. ನಾನು ಹೋಗಿರಲಿಲ್ಲ. ದಾದರ್ ಸ್ಟೇಷನ್ನಿನ ಬೆಂಚಿನ ಮೇಲೆ ಎರಡು ಗಂಟೆ ಕೂತು, ಬಂದ ಲೋಕಲ್ ಎಲ್ಲ ಬಿಟ್ಟು ಮನೆಗೆ ಬಂದಿದ್ದೆ. ಅವಳೂ ಅವರೂ ಒಂದೇ ಖೋಲಿಯಲ್ಲಿ ಎದುರುಬದುರು ಕೂತು ಊಟ ಮಾಡುವುದು, ಅವಳು ಅವರಿಗೆ ಕ್ಷಮಿಸಿದೆ ಎನ್ನುವುದು, ಅವರು ತಲೆ ಬಗ್ಗಿಸಿ ಅದನ್ನು ತೆಗೆದುಕೊಳ್ಳುವುದು, ನಾನು ನಡುವೆ ರೊಟ್ಟಿ ಬಡಿಸುತ್ತಾ ನಿಲ್ಲುವುದು... ಅದು ನನ್ನಿಂದ ಆಗುತ್ತಿರಲಿಲ್ಲ. ಅವಳ ಮನಸ್ಸಿನಲ್ಲಿ ಸಿಟ್ಟಿಲ್ಲ ಎಂಬ ಸುದ್ದಿಯಾದರೂ ಅವರಿಗೆ ಮುಟ್ಟಬೇಕಾಗಿತ್ತು. ಅದನ್ನೂ ನಾನೇ ತಡೆದೆ.

ನಿಜವಾಗಿ ಹೋದದ್ದು ಇನ್ನೂ ನಾಲ್ಕೈದು ವರ್ಷ ಕಳೆದ ಮೇಲೆ. ಬಾದಾಮಿ ಮರ ಇರಲಿಲ್ಲ. ಗೋಡೆ ಒಡೆದು ಬಿಲ್ಡಿಂಗಿಗೆ ಪಾಯ ತೋಡಿದ್ದರು. ಮೂಲೆಯ ಪಾನಿನ ಅಂಗಡಿಯವನನ್ನು ಕೇಳಿದೆ. "ವೋ ಟೋಪಿವಾಲಾ ಮಿಸ್ತ್ರಿ? ಮುಲುಕ್ ಚಲಾ ಗಯಾ, ಕಬ್ ಕಾ" ಎಂದ. ಊರಿಗೆ ಹೋಗಿ ಎಷ್ಟೋ ಕಾಲವಾಯಿತಂತೆ, ಯಾವ ಊರು ಎಂದು ಅವನಿಗೆ ಗೊತ್ತಿರಲಿಲ್ಲ. ಸಿಂದಗಿಯ ಕಡೆ ಎಂಬುದಷ್ಟೇ ನನಗೆ ಗೊತ್ತು. ನಾನು ಹೇಳಿದ ಸುಳ್ಳು ಹಾಗೆ ತಾನೇ ನಿಜವಾಗಿ ಕೂತಿತ್ತು. ಪಾನ್ ಹಾಕಿಕೊಂಡು ಮರಳಿ ಬಂದೆ. ಆಗಲೂ ನನಗೆ ಏನೂ ಅನಿಸಲಿಲ್ಲ. ಅನಿಸಬೇಕಾಗಿತ್ತು.

ಈಗ ಮಿಸ್ತ್ರಿ ಇರಲಿಕ್ಕಿಲ್ಲ. ಇದ್ದರೆ ನೂರು ದಾಟಿರುತ್ತದೆ. ಹೆಂಡತಿಯೂ ಇಲ್ಲ. ಕೊನೆಯ ವರ್ಷ ಆಸ್ಪತ್ರೆಗೆ ಕರೆದೊಯ್ಯುವಾಗ ಮಾಹಿಮಿನ ಖಾಡಿ ಬಂದರೆ ಅವಳು ಕಾರಿನ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದಳು. ನಾನು ಎದುರಿನ ರಸ್ತೆ ನೋಡುತ್ತಿದ್ದೆ. ಸತ್ಯ ಗೊತ್ತಿದ್ದವರು ಒಬ್ಬರು, ಕ್ಷಮಿಸಬಲ್ಲವಳು ಒಬ್ಬಳು. ಇಬ್ಬರೂ ಹೋದರು. ನಾನು ಚೆನ್ನಾಗಿ ತಿಂದುಂಡು, ಬಿ.ಪಿ. ಮಾತ್ರೆ ನುಂಗಿಕೊಂಡು ಇನ್ನೂ ಇದ್ದೇನೆ.

ನಾಲ್ಕು ದಿನದ ಮೇಲೆ ಮಗ ಪೌಡರ್ ಡಬ್ಬಿ ತಂದು ಕನ್ನಡಿಯ ಕೆಳಗೆ ಇದ್ದ ಜಾಗದಲ್ಲೇ ಇಟ್ಟ. ನಾನು ಹೇಳಿದ್ದೇ ಸರಿಯಂತೆ. ಕವರಿನ ಅಂಚಿನಿಂದಲೇ ಗೆರೆ ಹೊರಟಿತ್ತಂತೆ. ಪ್ಯಾಕಿಂಗ್ ಬದಲಿಸಿದರು, ಕಾರು ಸರಿಯಾಯಿತು. ಅವನಿಗೆ ಖುಷಿಯೋ ಖುಷಿ. ನನ್ನ ಪಕ್ಕ ಕೂತು, ಅವನಿಗೆ ಬರುವ ಕನ್ನಡದಲ್ಲಿ ಕೇಳಿದ.

"ಅಪ್ಪಾ, ಯಾರು ಕಲಿಸಿದ್ರು ಇದೆಲ್ಲಾ? ಅಮ್ಮ ಹೇಳ್ತಿದ್ಲಲ್ಲ, ದೀದಿ ಟೈಮ್‌ನಾಗ... ಗಲ್ತಿ ಮಾಡಿದ್ನಲ್ಲ, ವಹೀ ಮಿಸ್ತ್ರಿ?"

ಹುಟ್ಟಿ ಉಸಿರಾಡದ ಅಕ್ಕನನ್ನು ಅವನು ದೀದಿ ಎನ್ನುತ್ತಾನೆ. ಅವನ ಅಮ್ಮ ಹಾಗೆ ಕಲಿಸಿದ್ದಳು. ಹೇಳುವ ದಿನ ಮತ್ತೊಮ್ಮೆ ಬಂದು ನನ್ನ ಮುಂದೆ ಕೂತಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಹೂಂ. ಅವರೇ" ಅಂದೆ.

"ಫಿರ್ ಭೀ, ಕಾಮ್ ಆತಾ ಥಾ ಉಸ್ಕೋ," ಏನೇ ಆಗಲಿ ಕೆಲಸ ಬರುತ್ತಿತ್ತು ಅವನಿಗೆ, ಎಂದು ಮಗ ಎದ್ದು ಹೋದ.

ಆ ರಾತ್ರಿ ನಿದ್ದೆ ಚೆನ್ನಾಗಿಯೇ ಬಂತು. ಬೆಳಿಗ್ಗೆ ಎದ್ದು ಇದನ್ನು ಬರೆಯಲು ಕೂತೆ. ಮೊನ್ನೆ ಬರೆಯುತ್ತಿರುವಾಗ ಮಗ ಆಫೀಸಿನಿಂದ ಬಂದು, ಕುರ್ಚಿಯ ಹಿಂದೆ ನಿಂತು, ನನ್ನ ಭುಜದ ಮೇಲೆ ಕೈಯಿಟ್ಟು ಹಾಳೆಯನ್ನೇ ನೋಡಿದ. ಏನು ಬರೆಯುತ್ತಿದ್ದೀರಿ ಎಂದು ಕೇಳಿದ. ಆ ಮಿಸ್ತ್ರಿಯ ಬಗ್ಗೆ ಎಂದೆ. ಒಳ್ಳೆಯದಾಯಿತು ಅಪ್ಪಾ, ಬರೆಯಿರಿ ಎಂದ. ನಾನು ಹಾಳೆ ಮುಚ್ಚಲಿಲ್ಲ. ಪಾನಾ ಹಚ್ಚಿದ್ದು ನಾನು ಎಂದು ಬರೆದ ಸಾಲು ಅವನ ಕಣ್ಣ ಮುಂದೆಯೇ ಇತ್ತು. ನನ್ನ ಮಗನಿಗೆ ಕನ್ನಡ ಓದಲು ಬರುವುದಿಲ್ಲ.